ಹಿತ್ತಿಲಿನ ಕಂದು ಚಿಟ್ಟೆಗೆ ಹೆಸರಿಟ್ಟದ್ದು

ಸಂಜೆ ದೀಪ ಹಾಕುವ ಹೊತ್ತಿನಲ್ಲಿ ಸುಮ್ಮನೆ ಕೂತಿರುವುದೂ ಒಂದು ಕೆಲಸ ಎಂದು ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಒಪ್ಪುವುದಿಲ್ಲ. ಲೋಕದಲ್ಲಿ ಕೆಲವರು ಕತ್ತಲಾಗುತ್ತಿದ್ದಂತೆ ಎದ್ದು ಸ್ವಿಚ್ಚು ಒತ್ತುತ್ತಾರೆ. ಇನ್ನು ಕೆಲವರು ಬೇರೆ ಯಾರಾದರೂ ಬಂದು ಒತ್ತಲಿ ಎಂದು ಕಾಯುತ್ತಾರೆ. ನಾನು ಎರಡನೆಯ ಪಂಗಡದವನು. ಹಿತ್ತಿಲ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತೆನೆಂದರೆ, ಬೇಲಿಯಾಚೆಯ ಹಿಪ್ಪುನೇರಳೆ ತೋಟದ ಮೇಲೆ ಬೆಳಕು ನಿಧಾನವಾಗಿ ಇಳಿಯುವುದು, ಕಾಲುವೆ ಕಡೆಯಿಂದ ತಣ್ಣನೆ ಗಾಳಿ ಬರುವುದು, ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನ ದೀಪ ತೆಂಗಿನ ಮರಗಳ ನಡುವೆ ಕಾಣಿಸಿ, ಮರೆಯಾಗಿ, ಮತ್ತೆ ಕಾಣಿಸುವುದು, ಇವನ್ನೆಲ್ಲ ನೋಡುತ್ತ ನೋಡುತ್ತ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಕಾಫಿ ಆರಿಹೋಗುತ್ತದೆ. ಒಳಗಿನಿಂದ ಹೆಂಡತಿ ಏನೋ ಕೇಳುತ್ತಾಳೆ; ನಾನು ಹೂಂ ಅನ್ನುತ್ತೇನೆ. ಯಾವುದಕ್ಕೆ ಹೂಂ ಅಂದೆ ಎಂಬುದು ಮರುದಿನವೋ ಮರುವಾರವೋ ತಿಳಿಯುತ್ತದೆ. ಹೀಗೆ ಹೂಂ ಅಂದೇ ನಾನೊಮ್ಮೆ ಒಂದು ಜೊತೆ ಮೇಕೆಗಳ ಯಜಮಾನನಾದದ್ದುಂಟು. ಈಗ ಹೇಳಹೊರಟಿರುವ ಚಿಟ್ಟೆಯ ಪ್ರಸಂಗವೂ ಅಂಥದೇ ಒಂದು ಹೂಂನಿಂದ ಶುರುವಾಯಿತು.

ನಾನು ಯಳಂದೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಹುಟ್ಟಿದ್ದು ಹನೂರಿನಾಚೆ ರಾಮಾಪುರದ ಕಡೆ. ಮದುವೆಯಾದ ಮೇಲೆ ಅತ್ತೆ ಕೊಟ್ಟ ಜಾಗದಲ್ಲಿ ಮನೆ ಕಟ್ಟಿಕೊಂಡು ಮುಳ್ಳೂರಿನವನಾದೆ, ಊರಿನವರಿಗೆ ಮೇಷ್ಟ್ರಾದೆ. ಮನೆಯಳಿಯ ಎಂದು ಎದುರಿಗೆ ಯಾರೂ ಅಂದಿಲ್ಲ. ಊರಿನ ಜನ ಒಳ್ಳೆಯವರು, ಹಿಂದಿನಿಂದಲೇ ಅನ್ನುತ್ತಾರೆ. ನಮ್ಮ ರಾಮಾಪುರದ ಕಡೆ ಬೆಳೆ ತಿನ್ನಲು ಬರುವುದು ಆನೆ, ಇಲ್ಲವೇ ಕಾಡುಹಂದಿ. ಅವುಗಳಲ್ಲಿ ಒಂದು ಸೌಕರ್ಯವಿದೆ. ಆನೆ ಬಂದು ರಾಗಿ ಮೇಯ್ದು ಹೋದರೆ, ಬಂದದ್ದು ಯಾವ ಪ್ರಾಣಿ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮುಳ್ಳೂರಿನಲ್ಲಿ ಹಾಗಲ್ಲ. ಇಲ್ಲಿ ತಿನ್ನುವುದೂ ಹುಳ, ಅನ್ನ ಹಾಕುವುದೂ ಹುಳ. ಬೇರೆ ಕಡೆ ಒಬ್ಬನನ್ನು ಹುಳ ಅಂದರೆ ಜಗಳವಾಗುತ್ತದೆ. ಇಲ್ಲಿ ರೇಷ್ಮೆ ಸಾಕುವ ಮನೆಗಳಲ್ಲಿ ಹುಳ ಎಂಬ ಮಾತನ್ನು ತೊಟ್ಟಿಲಲ್ಲಿ ಮಗು ಮಲಗಿರುವಾಗ ಆಡುವ ಹಾಗೆ ಮೆಲ್ಲಗೆ ಆಡುತ್ತಾರೆ. ಹುಳ ಪೊರೆ ಕಳಚುವ ಮೊದಲು ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಎಂದು ಹೆಸರು. ಹೊಸ ಅಳಿಯನಾಗಿ ಬಂದ ದಿನ ಮನೆಮಂದಿಯೆಲ್ಲ ಪಿಸುಮಾತಿನಲ್ಲಿ 'ಜ್ವರ ಬಂದಿದೆ' ಅಂದದ್ದು ಕೇಳಿ, ಯಾರಿಗೆ, ಡಾಕ್ಟರಿಗೆ ತೋರಿಸಿದಿರಾ ಎಂದು ವಿಚಾರಿಸಿದವನು ನಾನು.

ನನ್ನ ಬಾಮೈದ ಮಹದೇವಸ್ವಾಮಿಯ ತೋಟ ಮತ್ತು ಹುಳದ ಮನೆ ನಮ್ಮ ಹಿತ್ತಿಲ ಬೇಲಿಯಾಚೆಯೇ ಇವೆ. ಹಿಂದಿನ ಸಲ ಅವನ ಹುಳಗಳೆಲ್ಲ ಸುಣ್ಣಕಟ್ಟು ರೋಗಕ್ಕೆ ತುತ್ತಾಗಿ, ಗೂಡು ಕಟ್ಟುವ ಮೊದಲೇ ಬಿಳಿ ಕಡ್ಡಿಗಳಾಗಿದ್ದವು. ಈ ಸಲವೂ ಕೈಕೊಟ್ಟರೆ ತೋಟ ಕಿತ್ತು ಬಾಳೆ ಇಟ್ಟು, ಹುಳದ ಮನೆಗೆ ಬೀಗ ಹಾಕುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಅವನು ಹೆಚ್ಚು ಮಾತಿನವನಲ್ಲ, ಹೇಳಿದರೆ ಮಾಡುವವನು. ಈ ಮಾತು ಎಲ್ಲರಿಗಿಂತ ಹೆಚ್ಚಾಗಿ ನನ್ನ ಅತ್ತೆ ಪುಟ್ಟಮ್ಮಣ್ಣಿಯವರಿಗೆ ನಾಟಿತ್ತು. ಅವರು ಹುಡುಗಿಯಾಗಿದ್ದಾಗ ಕೊಳ್ಳೇಗಾಲದ ಬಿತ್ತನೆ ಕೇಂದ್ರದಲ್ಲಿ ಚಿಟ್ಟೆಗಳಿಂದ ಮೊಟ್ಟೆ ಇಡಿಸುವ ಕೆಲಸ ಮಾಡಿದವರು. ಆಮೇಲೆ ಮಂಡಿ ಸೋಲುವವರೆಗೂ ಹುಳ ಸಾಕಿದವರು. ಈಗ ಎತ್ತರದ ಸ್ಟ್ಯಾಂಡುಗಳಲ್ಲಿ ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದ ಮೇಲೆ, ನಿನಗೆ ಆಗುವುದಿಲ್ಲ ಬಿಡವ್ವ ಎಂದು ಮಗ ಅವರನ್ನು ಒಳಗೆ ಸೇರಿಸುತ್ತಿರಲಿಲ್ಲ. ಅದು ಅವನ ಅಕ್ಕರೆಯೇ ಸರಿ. ಆದರೆ ಅವರು ನಮ್ಮ ಮನೆಗೆ ಬಂದು ಕೂತಾಗಲೆಲ್ಲ ಮುಖವನ್ನು ಹುಳದ ಮನೆಯ ಕಡೆಗೇ ತಿರುಗಿಸಿಕೊಂಡಿರುತ್ತಿದ್ದರು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ನಮ್ಮ ಹಿತ್ತಿಲಿನ ಎಲೆಕೋಸು ಒಂದು ಬೆಳಿಗ್ಗೆ ಜರಡಿಯಾಗಿ ಕಾಣಿಸಿತು. ಮರುದಿನ ಟೊಮೆಟೊ, ಆಮೇಲೆ ಬೇಲಿಯ ಹತ್ತಿರದ ಹರಳು ಗಿಡ. ನನ್ನ ಹೆಂಡತಿ ನಾಗಮಣಿ ಹಗಲಿಡೀ ಎಲೆ ಮಗುಚಿ ನೋಡಿದರೂ ತಿಂದವರ ಸುಳಿವಿಲ್ಲ. ಇದ್ದದ್ದು ಒಂದೇ ಸಾಕ್ಷಿ: ಬಚ್ಚಲ ಮನೆಯ ಗೋಡೆಯ ಮೇಲೆ ರೆಕ್ಕೆ ಮಡಿಸಿ ಕೂತ ಒಂದು ಕಂದು ಚಿಟ್ಟೆ. ತಿಳಿದವರು ಇದನ್ನು ಪತಂಗ ಅನ್ನಬೇಕು ಅನ್ನುತ್ತಾರೆ, ಆದರೆ ರೇಷ್ಮೆಯ ಊರಿನಲ್ಲಿ ರೆಕ್ಕೆ ಇರುವುದೆಲ್ಲ ಚಿಟ್ಟೆಯೇ. ನಮ್ಮ ಹಿತ್ತಿಲಿಗೆ ಔಷಧಿ ಹೊಡೆದರೆ ಗಾಳಿಗೆ ಅದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ; ಆ ಸೊಪ್ಪು ತಿಂದ ರೇಷ್ಮೆ ಹುಳ ಉಳಿಯುವುದಿಲ್ಲ. ಹೊಡೆಯದೆ ಬಿಟ್ಟರೆ, ಕಂದು ಚಿಟ್ಟೆಯ ಮರಿಗಳಿಗೆ ಹಿಪ್ಪುನೇರಳೆ ರುಚಿಸುವುದಾದರೆ, ಸೊಪ್ಪೇ ಉಳಿಯುವುದಿಲ್ಲ. ಆದ್ದರಿಂದ ಮಹದೇವಸ್ವಾಮಿಯ ಬೆಳೆ, ತೋಟ, ಅವನ ತಾಯಿಯ ಮನಸ್ಸು ಎಲ್ಲವೂ ಆ ಚಿಟ್ಟೆ ಯಾವುದು ಎಂಬ ಒಂದು ಪ್ರಶ್ನೆಯ ಮೇಲೆ ನಿಂತಿದ್ದವು. ಕಾಲೇಜಿನಲ್ಲಿ ಪಾಠ ಮಾಡುವವನು ಮನೆಯಲ್ಲೇ ಇರುವಾಗ ಬೇರೆಯವರನ್ನು ಕೇಳುವುದೇಕೆ ಎಂದು ಅಕ್ಕ ತಮ್ಮ ಸೇರಿ ತೀರ್ಮಾನಿಸಿ, ಅದನ್ನು ನನಗೆ ತಿಳಿಸಿದ್ದು ಸಂಜೆ ಜಗಲಿಯ ಹೊತ್ತಿನಲ್ಲಿ. ನಾನು ಹೂಂ ಅಂದೆ.

ಮರುದಿನ ಮಹದೇವಸ್ವಾಮಿ ಬೇಲಿಯ ಹತ್ತಿರ ಬಂದು ನಿಂತು, "ಭಾವ, ನೀವು ಅದ್ರ ಎಸ್ರು ಏಳ್ಬುಡಿ ಸಾಕು. ಮಿಕ್ಕದ್ದ ನಾನು ನೋಡ್ಕತೀನಿ," ಅಂದಾಗಲೇ ನನಗೆ ಹೊಣೆಯ ಭಾರ ತಿಳಿದದ್ದು. ನಾಣ್ಯ ತೋರಿಸಿದರೆ ಯಾವ ರಾಜನ ಕಾಲದ್ದು ಎಂದು ಹೇಳಬಲ್ಲೆ. ಚಿಟ್ಟೆಯ ಮೇಲೆ ಯಾವ ರಾಜನೂ ಮುದ್ರೆ ಒತ್ತಿಸಿರಲಿಲ್ಲ. ಮೊದಲು ಫೋನಿನ ಮೊರೆ ಹೊಕ್ಕೆ. ಫೋಟೋ ತೆಗೆದು ಕೊಟ್ಟರೆ ಜೀವಿಯ ಹೆಸರು ಹೇಳುವ ಒಂದು ಆ್ಯಪ್ ಇದೆಯಂತೆ, ಹಾಕಿಕೊಂಡೆ. ಅದು ನಮ್ಮ ಚಿಟ್ಟೆಯನ್ನು ನೋಡಿ ಒಮ್ಮೆ ಯಾವುದೋ ಹಿಮದ ದೇಶದ ಪತಂಗ ಎಂದಿತು, ಒಮ್ಮೆ ಒಣಗಿದ ಎಲೆ ಎಂದಿತು. ಫೋಟೋದ ಅಂಚಿನಲ್ಲಿ ನನ್ನ ಹೆಬ್ಬೆರಳು ಬಿದ್ದಿದ್ದ ಒಂದರಲ್ಲಿ ಮಾತ್ರ ಬಹಳ ಖಚಿತವಾಗಿ ಅಣಬೆ ಎಂದಿತು. ಹತ್ತಿರದಿಂದ ನೋಡಿದಾಗ ಆ ಕಂದು ರೆಕ್ಕೆಯ ಮೇಲೆ ಕೆನೆ ಬಣ್ಣದ ಗೆರೆಗಳು ಒಂದನ್ನೊಂದು ಹಾದು, ಮೇಲಿನಿಂದ ನೋಡಿದ ಗದ್ದೆ ಬದುಗಳ ಹಾಗೆ ಹರಡಿದ್ದವು. ಒಳಗಿನ ರೆಕ್ಕೆ ಬೆಳ್ಳಿಯ ಬಿಳುಪು. ಹೆಸರು ಹುಡುಕಬೇಕಾದವನು ಬಚ್ಚಲ ಗೋಡೆಗೆ ಮೂಗು ತಾಗಿಸಿಕೊಂಡು ಆ ಗೆರೆಗಳಲ್ಲಿ ನಡೆದುಕೊಂಡು ಹೋಗುತ್ತಿದ್ದೆ. ನೀರು ಕಾದು ಕುದಿಯುತ್ತಿದೆ, ಸ್ನಾನ ಮಾಡುವವರು ಮಾಡಬಹುದು ಎಂದು ನಾಗಮಣಿ ಹೊರಗಿನಿಂದ ಕೂಗಬೇಕಾಯಿತು.

ನಮ್ಮ ಕಾಲೇಜಿನಲ್ಲಿ ಪ್ರಭಾಕರ ಎಂಬ ಗೆಳೆಯ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾನೆ. ಅವನಿಗೆ ತೋರಿಸೋಣವೆಂದು ಚಿಟ್ಟೆಯನ್ನು ಹಲ್ಲುಪುಡಿಯ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕೊಳ್ಳೇಗಾಲದಿಂದ ಯಳಂದೂರಿನ ದಾರಿಯಲ್ಲಿ ಎಡಗಡೆ ಕಿಟಕಿ ಸಿಕ್ಕರೆ ನಾನು ಪುಣ್ಯವಂತ. ಗದ್ದೆ ಬಯಲಿನಾಚೆ ಬಿಳಿಗಿರಿರಂಗನ ಬೆಟ್ಟ ಮೋಡ ಹೊದ್ದು ಮಲಗಿರುತ್ತದೆ. ಅಂದು ಬೆಟ್ಟ ನೋಡುತ್ತ, ಪಾಪ ಇದೂ ಸ್ವಲ್ಪ ನೋಡಲಿ ಅನ್ನಿಸಿ ಡಬ್ಬಿಯ ಮುಚ್ಚಳ ಸಡಿಲಿಸಿದೆ. ಚಿಟ್ಟೆ ಹಾರಿ, ಮುಂದಿನ ಸೀಟಿನ ಹೆಂಗಸಿನ ಮಲ್ಲಿಗೆ ದಂಡೆಯ ಮೇಲೆ ಕೂತಿತು. ಬೇರೆ ಸೀಮೆಯಾಗಿದ್ದರೆ ಗಲಾಟೆಯಾಗುತ್ತಿತ್ತೇನೋ. ಆಕೆ ಬೆಚ್ಚಲಿಲ್ಲ, ಪಕ್ಕದವಳನ್ನು ನೋಡಲು ಹೇಳಿದಳು, ಪಕ್ಕದವಳು ಅದರ ಹೊಟ್ಟೆ ನೋಡಿ ಹೆಣ್ಣು, ಮೊಟ್ಟೆ ತುಂಬಿದೆ ಎಂದು ತೀರ್ಪು ಕೊಟ್ಟಳು. ಬಸುರಿಯನ್ನು ಡಬ್ಬಿಯಲ್ಲಿ ಹಾಕಿದವರು ಯಾರು ಎಂದು ಕಂಡಕ್ಟರ್ ವಿಚಾರಣೆ ಶುರು ಮಾಡುವಷ್ಟರಲ್ಲಿ ಅದು ಕಿಟಕಿಯಿಂದ ಹೊರಗೆ ಹೋಗಿ ಬಿಸಿಲಲ್ಲಿ ಕರಗಿತು. ಪ್ರಭಾಕರನಿಗೆ ನಾನು ತೋರಿಸಿದ್ದು ಡಬ್ಬಿಗೆ ಅಂಟಿದ ರೆಕ್ಕೆಯ ಪುಡಿಯನ್ನು. ಕಂದು ಪತಂಗಗಳೆಲ್ಲ ಕಂದಾಗಿಯೇ ಇರುತ್ತವೆ, ಮೇಲಾಗಿ ತನ್ನ ವಿಷಯ ಮೀನು, ಆದರೂ ಅದರ ಮರಿ ಬೆರಳುದ್ದ ಬೆಳೆದ ಮೇಲೆ ತಂದರೆ ಹೇಳಬಹುದು ಎಂದ. ಎಲ್ಲಿಂದ ತರಲಿ ಎಂದರೆ, ಮನೆಯಲ್ಲೇ ಮರಿ ಮಾಡಿಸಿ ಸಾಕು ಎಂದ. ಪರಿಹಾಸ್ಯಕ್ಕೆ ಅಂದನೋ ಏನೋ, ಅದನ್ನು ನಾನು ಮನೆಯಲ್ಲಿ ಅತ್ತೆಯ ಎದುರಿಗೆ ಹೇಳಿದೆ.

ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆಯ ಮಂಡಿನೋವು ಎಲ್ಲಿಗೆ ಹೋಯಿತೋ. ಅಂದು ಸಂಜೆಯೇ ದೀಪಕ್ಕೆ ಬಂದ ಇನ್ನೊಂದು ಕಂದು ಚಿಟ್ಟೆಯನ್ನು ಎರಡು ಬೆರಳಲ್ಲಿ ನೋಯದಂತೆ ಹಿಡಿದು, ಹಾಳೆಯ ಮೇಲೆ ಬಿಟ್ಟು, ನನ್ನ ಕಾಫಿ ಲೋಟ ಮಗುಚಿದರು. ಬಿತ್ತನೆ ಕೇಂದ್ರದಲ್ಲಿ ಮೊಟ್ಟೆ ಇಡಿಸುತ್ತಿದ್ದುದು ಹೀಗೆಯೇ ಅಂತೆ. ಬೆಳಿಗ್ಗೆ ಲೋಟ ಎತ್ತಿದರೆ ಹಾಳೆಯ ಮೇಲೆ ಹೊಂಬಣ್ಣದ ನವಿರು ಹೊದ್ದ ಮೊಟ್ಟೆಗಳ ಒಂದು ಸಣ್ಣ ಗುಡ್ಡೆ. ರೇಷ್ಮೆ ಚಿಟ್ಟೆಗೂ ಇಷ್ಟು ಒಪ್ಪವಿಲ್ಲ, ತನ್ನ ಮೈಕೂದಲನ್ನೇ ಹೊದಿಸಿದ್ದಾಳೆ ನೋಡಿ ಎಂದು ಅತ್ತೆ ನನ್ನನ್ನು ಕರೆದು ತೋರಿಸಿದರು. ಮೊಟ್ಟೆ ಒಡೆದಾಗ ಮರಿ ನೂರಾರು. ಅದರಲ್ಲಿ ಕೆಲವನ್ನಷ್ಟೇ ಇಟ್ಟುಕೊಂಡರೆ ಸಾಕಲ್ಲವೇ ಎಂದು ನಾಗಮಣಿ ಕೇಳಿದ್ದಕ್ಕೆ, ಮರಿಗಳಲ್ಲಿ ಭೇದ ಮಾಡಬಾರದು ಎಂದು ಅವಳ ತಾಯಿ ಬಾಯಿ ಮುಚ್ಚಿಸಿದರು. ಅಟ್ಟದ ಮೇಲಿದ್ದ ಹಳೆಯ ಬಿದಿರು ತಟ್ಟೆ ಕೆಳಗಿಳಿಯಿತು. ಹರಳಿನ ಎಳೆಯ ಎಲೆಗಳನ್ನು ಸಣ್ಣಗೆ ಹೆಚ್ಚಿ ಉಣಿಸುವುದು ಆರಂಭವಾಯಿತು. ಹಿತ್ತಿಲ ಕೋಣೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ತನ್ನ ಹುಳದ ಮನೆಯಲ್ಲೇ ಮುಳುಗಿದ್ದ ಮಹದೇವಸ್ವಾಮಿಗೆ ಮಾತ್ರ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ಊದುಬತ್ತಿ ನಿಂತಿತು. ಒಗ್ಗರಣೆಯ ಘಾಟು ಹುಳಕ್ಕೆ ಆಗದೆಂದು ಸಾರಿಗೆ ಸಾಸಿವೆ ನಿಂತಿತು. ನಮ್ಮ ಎಲೆಕೋಸು ತಿಂದವರ ಮಕ್ಕಳಿಗಾಗಿ ನಾವು ಸಪ್ಪೆ ಸಾರು ಉಂಡೆವು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹಿತವೆನಿಸುತ್ತದೆ. ಸಂಜೆ ಕಾಲೇಜಿನಿಂದ ಬಂದು ತಟ್ಟೆಯ ಪಕ್ಕದಲ್ಲಿ ಕೂತರೆ, ಮರಿಗಳು ಎಲೆ ತಿನ್ನುವ ಸದ್ದು ಬಹಳ ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಯಾರೋ ಹೂವಿನ ಪೊಟ್ಟಣ ಬಿಚ್ಚುತ್ತಿದ್ದಾರೆ ಅನ್ನುವಂತೆ ಕೇಳಿಸುತ್ತಿತ್ತು. ಅತ್ತೆ ಗೋಡೆಗೊರಗಿ ತಮ್ಮ ಕಾಲದ ಹುಳಗಳ ಕಥೆ ಹೇಳುತ್ತಿದ್ದರು: ಯಾವ ಹುಳದ ಗೂಡು ಯಾರ ಮದುವೆಯ ಸೀರೆಯಾಯಿತು, ಯಾವ ಮಳೆಗಾಲದಲ್ಲಿ ಹುಳಗಳಿಗೆ ಚಳಿಯೆಂದು ಮನೆಯವರೆಲ್ಲ ತಮ್ಮ ಕಂಬಳಿ ಕೊಟ್ಟು ನಡುಗುತ್ತ ಕೂತರು. ಮರಿಗಳು ತಲೆ ಎತ್ತಿ ಸುಮ್ಮನಾದಾಗ, "ಜ್ವರಕ್ಕೆ ಕೂತವೆ ಅಳಿಯಂದ್ರೆ, ಮೆತ್ತಗೆ ಉಸಿರಾಡಿ," ಎಂದರು. ನಾನು ಮೆತ್ತಗೆ ಉಸಿರಾಡಿದೆ. ತರಗತಿಯಲ್ಲಿ ಗಂಗರ ದಾನಶಾಸನ ಓದುತ್ತಿದ್ದಾಗಲೂ ನನ್ನ ಕಿವಿಯಲ್ಲಿ ಎಲೆ ತಿನ್ನುವ ಸದ್ದೇ. ಹುಳಗಳು ತಿಳಿಹಸಿರಿನಿಂದ ಬೂದು ಕಂದಿಗೆ ತಿರುಗಿ, ಮೈಯುದ್ದಕ್ಕೂ ಹಳದಿ ಗೆರೆ, ಅದರ ಪಕ್ಕದಲ್ಲಿ ಸಾಲಾಗಿ ಕಪ್ಪು ಅರ್ಧಚಂದ್ರಗಳು ಮೂಡಿದವು. ಬೆರಳುದ್ದ ಆಗಿವೆಯಲ್ಲ, ತೆಗೆದುಕೊಂಡು ಹೋಗಿ ತೋರಿಸಬಾರದೇ ಎಂದು ನಾಗಮಣಿ ದಿನವೂ ಕೇಳುವಳು. ಯಾರ ಬೆರಳು ಎಂದು ಪ್ರಭಾಕರ ಹೇಳಿಲ್ಲ, ನಾಳೆ ನೋಡೋಣ ಎಂದು ನಾನು ದಿನವೂ ಮುಂದೂಡುವೆ. ಹೆಸರು ಗೊತ್ತಾದರೆ ಇವನ್ನೆಲ್ಲ ಕೊಲ್ಲಬೇಕಾಗುತ್ತದೆ. ಗೊತ್ತಾಗದಿದ್ದರೆ ಇನ್ನೊಂದು ಸಂಜೆ ಸಿಗುತ್ತದೆ.

ಆಮೇಲೆ ಒಂದು ಬೆಳಿಗ್ಗೆ ತಟ್ಟೆ ಖಾಲಿಯಾಗಿತ್ತು. ಹಿಕ್ಕೆ, ಎಲೆಯ ನರ, ಕಳಚಿದ ಪೊರೆ ಎಲ್ಲ ಇದ್ದವು, ಹುಳ ಮಾತ್ರ ಒಂದೂ ಇರಲಿಲ್ಲ. ಹಿತ್ತಿಲ ಬಾಗಿಲ ಸಂದಿನಿಂದ ಬೆಳಕು ಒಳಗೆ ಬರುತ್ತಿತ್ತು. ಅದೇ ಸಂದಿನಿಂದ ಅವು ಹೊರಗೆ ಹೋಗಿದ್ದವು. ಬೇರೆ ಊರಿನವರು ಸಾಕಿದ್ದರೆ ಮೊದಲ ದಿನವೇ ಒಂದು ಮುಚ್ಚಳ ಹುಡುಕುತ್ತಿದ್ದರು. ರೇಷ್ಮೆಯ ಮನೆಗಳಲ್ಲಿ ಆ ಯೋಚನೆಯೇ ಹುಟ್ಟುವುದಿಲ್ಲ, ಏಕೆಂದರೆ ರೇಷ್ಮೆ ಹುಳ ತಟ್ಟೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸೊಪ್ಪು ತಡವಾದರೆ ತಲೆಯಾಡಿಸಿಕೊಂಡು ಅಲ್ಲೇ ಕಾಯುತ್ತದೆ. ಅತ್ತೆ ತಟ್ಟೆಯನ್ನು ತಡವಿ ತಡವಿ ನೋಡಿ, "ಸಾಕಿದ್ ಉಳ ಇಳ್ದು ಓಗಾದ ನಾ ಈ ವಯಸ್ಗಂಟ ಕಂಡಿಲ್ಲ ಕಣವ್ವ," ಎಂದು ಮಗಳಿಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೇಳದೆ ಹೋದರಲ್ಲ ಎಂಬ ನೋವಿತ್ತು. ನನಗೂ ಒಳಗೊಳಗೇ ಹಾಗೆಯೇ ಆಗಿತ್ತು. ಅವು ಎಲ್ಲಿಗೆ ಹೋಗಿರಬಹುದು ಎಂದು ಯೋಚಿಸುವಷ್ಟು ಬುದ್ಧಿ ನಮ್ಮಿಬ್ಬರಿಗೂ ಆ ದಿನ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ, ಹೊತ್ತು ಇಳಿಯುವ ಸಮಯದಲ್ಲಿ ಮಹದೇವಸ್ವಾಮಿ ಬೇಲಿ ದಾಟಿ ಬಂದ. ಅವನ ಹುಳಗಳು ನಾಲ್ಕನೇ ಜ್ವರ ಕಳೆದು ಎದ್ದು, ಗೂಡು ಕಟ್ಟುವ ಮುಂಚಿನ ದೊಡ್ಡ ಊಟಕ್ಕೆ ಕೂತಿದ್ದವು. ಆಗ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ತೆಳುವಾಗುತ್ತದೆ. ಅವನ ಅಂಗೈಯಲ್ಲಿ ಒಂದು ಹರಿದ ಹಿಪ್ಪುನೇರಳೆ ಎಲೆ, ಎಲೆಯ ಮೇಲೆ ಕಪ್ಪು ಅರ್ಧಚಂದ್ರಗಳ ಒಂದು ದಪ್ಪ ಹುಳ. ಬೇಲಿ ಕಡೆಯ ಸಾಲುಗಳನ್ನೆಲ್ಲ ಮುಕ್ಕುತ್ತಿವೆ ಎಂದ. ಎಲೆಯನ್ನು ನನ್ನ ಮುಂದೆ ಹಿಡಿದು, ಹುಳವನ್ನು ಹೊರಳಿಸಿ ಹೊರಳಿಸಿ ನೋಡುತ್ತ ಹೇಳಿದ: "ಭಾವ, ಇದ್ರ ಎಸ್ರು ನಂಗೊತ್ತಿಲ್ಲ. ಆದ್ರೆ ಇದು ತಾನಾಗ್ ಬೆಳ್ದಿರೋ ಉಳ ಅಲ್ಲ. ಯಾರೋ ಸಾಕವ್ರೆ. ಚೆನ್ನಾಗ್ ಸಾಕವ್ರೆ."

ನಾನು ತೋಟದ ಕಡೆ ನೋಡಿದೆ. ಅತ್ತೆ ಮಾತ್ರ ಸುಳ್ಳು ಹೇಳುವ ಮನೆತನದವರಲ್ಲ. ಎದ್ದು ಬಂದು ಹುಳವನ್ನು ಕೈಗೆ ತೆಗೆದುಕೊಂಡು, ಇದು ನಮ್ಮದೇ ಎಂದರು. ಮಗ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ತಲೆಯ ಮೇಲೆ ಕೈಯಿಟ್ಟು ಜಗಲಿಯಲ್ಲಿ ಕೂತ. ಅವನು ಬೈದಿದ್ದರೆ ಚೆನ್ನಾಗಿತ್ತು. ಬಾಳೆಯ ಮಾತು ಅವನ ಬಾಯಿಂದ ಇನ್ನೇನು ಬಂದೇಬಿಡುತ್ತದೆ ಎಂದು ನಾನು ಕಾದೆ. ಯಾರದೋ ಬೆಳೆ ಹಾಳಾಯಿತೆಂದು ಪತ್ರಿಕೆಯಲ್ಲಿ ಓದಿ ಮರುಗುವುದು ಬೇರೆ. ಬಾಮೈದನ ತೋಟಕ್ಕೆ ನಾವೇ ಹುಳಗಳನ್ನು ಮೇಯಲು ಬಿಟ್ಟಿದ್ದೇವೆ ಎಂದು ತಿಳಿದು ಅವನ ಪಕ್ಕದಲ್ಲಿ ಕೂರುವುದು ಬೇರೆ.

ಆಗ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಅತ್ತೆ. ಔಷಧಿ ಹೊಡೆಯುವಂತಿಲ್ಲ, ಕೈಯಲ್ಲೇ ಹೆಕ್ಕಬೇಕು. ಹಗಲು ಅವು ಬುಡದ ಮಣ್ಣಿನಲ್ಲಿ ಅಡಗಿ, ಬೆಳಕು ಇಳಿದ ಮೇಲೆ ಗಿಡ ಹತ್ತುತ್ತವೆ ಎಂಬುದು ಅಷ್ಟರಲ್ಲಿ ಮಹದೇವಸ್ವಾಮಿಗೆ ತಿಳಿದಿತ್ತು. ಆ ಸಂಜೆಯಿಂದ ಶುರುವಾಗಿ ಹಲವು ಸಂಜೆ ನಾವು ನಾಲ್ವರೂ ಬಕೆಟ್ಟಿನಲ್ಲಿ ಸೋಪಿನ ನೀರು ಹಿಡಿದು ಸಾಲುಗಳ ನಡುವೆ ಬಗ್ಗಿ ನಡೆದೆವು. ಅತ್ತೆಯ ಬೆರಳು ಎಲೆಯ ಅಡಿಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹೆಕ್ಕಿದ್ದನ್ನು ಬಕೆಟ್ಟಿಗೆ ಹಾಕುವಾಗ ಮಾತ್ರ ಅವರು ಮುಖ ಆ ಕಡೆ ತಿರುಗಿಸುತ್ತಿದ್ದರು. ನನಗೆ ಸಿಕ್ಕ ಕೆಲಸ ಟಾರ್ಚು ಹಿಡಿಯುವುದು. ತೋಟದ ಮೇಲೆ ಇಬ್ಬನಿ ಇಳಿಯುತ್ತಿತ್ತು. ಟಾರ್ಚಿನ ಬೆಳಕಿಗೆ ಎಲ್ಲಿಂದಲೋ ಕಂದು ಚಿಟ್ಟೆಗಳು ಬಂದು ತೇಲುತ್ತಿದ್ದವು. ಅವು ಮೇಲಕ್ಕೆ ಹೋದಂತೆ ನನ್ನ ಕೈಯೂ ಮೇಲಕ್ಕೆ ಹೋಗುತ್ತಿತ್ತು. ಹುಳ ಇರುವುದು ಭೂಮಿಯ ಮೇಲೆ ಎಂದು ಕತ್ತಲಲ್ಲಿ ನಿಂತ ನಾಗಮಣಿ ನನಗೆ ನೆನಪಿಸುತ್ತಿದ್ದಳು.

ಸೊಪ್ಪು ಉಳಿಯಿತು. ಬೇಲಿಯ ಪಕ್ಕದ ಸಾಲುಗಳು ಹೋದರೂ ಮಿಕ್ಕದ್ದು ಸಾಕಾಯಿತು. ರೇಷ್ಮೆ ಹುಳಗಳು ಹಣ್ಣಾಗಿ ಮೈ ಹಳದಿಗೆ ತಿರುಗಿದ ದಿನ, ಅವನ್ನು ಬೇಗ ಬೇಗ ಆರಿಸಿ ಗೂಡು ಕಟ್ಟಲು ಬಿಡಬೇಕಲ್ಲ, ಮಹದೇವಸ್ವಾಮಿ ಬೇಲಿಯ ಹತ್ತಿರ ಬಂದು, "ಅವ್ವ, ನೀನೂ ಬಾ ಒಳೀಕೆ. ಸ್ಟೂಲ್ ಆಕಿವ್ನಿ," ಅಂದ. ಅತ್ತೆ ನೇರವಾಗಿ ಕಾಲು ತೊಳೆಯಲು ಹೋದರು. ಗೂಡುಗಳು ಕೊಳ್ಳೇಗಾಲದ ಮಾರುಕಟ್ಟೆಗೆ ಹೋದ ಮೇಲೆ ಬಾಳೆಯ ಮಾತು ಮತ್ತೆ ಬರಲಿಲ್ಲ. ಹೆಕ್ಕುವಾಗ ನಾನು ಕದ್ದು ಜೇಬಿಗೆ ಹಾಕಿಕೊಂಡಿದ್ದ ಒಂದು ಹುಳವನ್ನು ಪ್ರಭಾಕರ ನೋಡಿದವನೇ, ಇದು ಸ್ಪೋಡಾಪ್ಟೆರಾ, ತಂಬಾಕಿನ ಎಲೆ ತಿನ್ನುವ ಹುಳ, ಕೋಸು, ಟೊಮೆಟೊ, ಹರಳು, ಹಿಪ್ಪುನೇರಳೆ ಏನು ಕೊಟ್ಟರೂ ತಿನ್ನುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಹುಳವಲ್ಲವೇ ಎಂದ. ನಾನು ಮನೆಗೆ ಬಂದು ಆ ಹೆಸರನ್ನು ಮಹದೇವಸ್ವಾಮಿಗೆ ಹೇಳಿದೆ. ಅವನು ಗೌರವದಿಂದ ಕೇಳಿಸಿಕೊಂಡು, ಆಗಲಿ ಭಾವ ಎಂದು ಸೊಪ್ಪು ಕುಯ್ಯಲು ಹೋದ. ಊರಿನಲ್ಲಿ ಅದಕ್ಕೆ ಆಗಲೇ ಬೇರೆ ಹೆಸರು ಬಿದ್ದಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ತಿಳಿದದ್ದು ಮುಂದಿನ ಭಾನುವಾರ. ಈ ಚಿಟ್ಟೆಗಳನ್ನು ವಾಸನೆಯಿಂದ ಮರುಳು ಮಾಡಿ ಹಿಡಿಯುವ ಮೋಹಕ ಬಲೆ ಸಿಗುತ್ತದೆ ಎಂದು ಕೇಳಿ, ನಾನೂ ನಾಗಮಣಿಯೂ ಕೊಳ್ಳೇಗಾಲದ ಒಂದು ಗೊಬ್ಬರದ ಅಂಗಡಿಗೆ ಹೋಗಿದ್ದೆವು. ನಮ್ಮ ಮುಂದೆ ನಿಂತಿದ್ದ ಮುಳ್ಳೂರಿನ ರೈತನೊಬ್ಬ, ಹಿಂದೆ ನೋಡದೆ, ಮೇಷ್ಟ್ರ ಹುಳಕ್ಕೆ ಏನಾದರೂ ಕೊಡಿ ಎಂದು ಕೇಳಿದ. ನಾಗಮಣಿ ನನ್ನ ತೋಳು ಹಿಡಿದುಕೊಂಡಳು. ಅದು ಯಾವ ಹುಳ ಎಂದು ಅಂಗಡಿಯವನು ಕೇಳಬಹುದು ಎಂದು ಕಾದೆ. ಅವನು ಕೇಳಲಿಲ್ಲ, ಬೇಕಾದಷ್ಟು ಸಲ ಕೇಳಿದ ಹೆಸರಿನ ಹಾಗೆ ತಲೆಯಾಡಿಸಿ, ಬಲೆಯ ಪೊಟ್ಟಣ ಬಿಚ್ಚುತ್ತ ಅದರ ಗುಣ ಹೇಳತೊಡಗಿದ: "ಅದ ಅಗಲೊತ್ತು ಉಡ್ಕಬೇಡಿ, ಸಿಕ್ಕಲ್ಲ. ಅಗಲೆಲ್ಲ ಎಲ್ಲಾರ ಮುದುರ್ಕಂಡು ಬಿದ್ದಿರ್ತದೆ. ಸಂಜೆ ಆದ್ರೆ ಎದ್ದು ಈಚ್ಗೆ ಬತ್ತದೆ. ಕೆಲ್ಸ ಒಂದಿಲ್ಲ, ಮುಂದ್ಕೆ ಏನಿಟ್ರೂ ತಿಂತದೆ. ಮುಟ್ಟುದ್ರೆ ಸುಮ್ಗೆ ಸುರುಳಿ ಸುತ್ಕತದೆ, ಏನೂ ಮಾಡಲ್ಲ."

ನಾಗಮಣಿ ಮುಂದೆ ಬಂದು, ಇನ್ನೊಂದು ಸಲ ಹೇಳಿ ಎಂದು ಕೇಳಿದಳು. ಅವನು ಮೊದಲಿನಿಂದ ಹೇಳಿದ. ಅವಳು ಒಂದೊಂದು ಮಾತಿಗೂ ಒಮ್ಮೆ ನನ್ನ ಕಡೆ ತಿರುಗಿ, ಗುರುತು ತಾಳೆ ನೋಡಿ, ಮತ್ತೆ ಅವನ ಕಡೆ ತಿರುಗುತ್ತಿದ್ದಳು. ಎಲ್ಲ ಮುಗಿದ ಮೇಲೆ, ಎಲ್ಲಿಯೂ ಒಂದು ತಪ್ಪು ಸಿಗದೆ, ಬಲೆ ಬೇಡ, ಸದ್ಯಕ್ಕೆ ಹೀಗೇ ಇರಲಿ ಎಂದು ನನ್ನನ್ನು ಮನೆಗೆ ಕರೆದುಕೊಂಡು ಬಂದಳು.